ಮೈನಸ್ 127 ಅಂದ್ರೆ ಚಳಿ ಅಲ್ಲ: ಬಿಯರ್ ಕಂಟ್ರೋಲರ್‌ನ ಸೆನ್ಸರ್ ತಪ್ಪು ಹೇಳಿದಾಗ ಎಲ್ಲಿ ಹುಡುಕಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮನೆಯಲ್ಲಿ ಬಿಯರ್ ಮಾಡುವವರು ಬಳಸುವ ತಾಪಮಾನ ಕಂಟ್ರೋಲರ್, ಅದಕ್ಕೆ ಜೋಡಿಸಿದ ಬೆರಳುದ್ದದ ಸೆನ್ಸರ್, ಆ ಸೆನ್ಸರ್ ತೋರಿಸುವ ತಪ್ಪು ಸಂಖ್ಯೆಗಳು. ಆದ್ರೆ ಕೊನೇವರೆಗೂ ಕೇಳಿ. ಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರ್ ಇಟ್ಟವರಿಗೆ, ಮೀನಿನ ತೊಟ್ಟಿ ಇರುವವರಿಗೆ, ಹಿಟ್ಟು ಹುಳಿ ಬರಿಸಲು ಬೆಚ್ಚಗಿನ ಡಬ್ಬ ಮಾಡಿಕೊಂಡವರಿಗೂ ಇದೇ ಸೆನ್ಸರ್, ಇದೇ ತಲೆನೋವು.

ಮೊದಲೇ ಒಂದು ಮಾತು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ, ಅದು 1965ರ ಅಬಕಾರಿ ಕಾಯ್ದೆಗೆ ವಿರುದ್ಧ. ಹಾಗಾಗಿ ಇದು ಮುಖ್ಯವಾಗಿ ಹೊರದೇಶದಲ್ಲಿರುವ ನಮ್ಮ ಕೇಳುಗರಿಗಾಗಿ. ಬ್ರಿಟನ್‌ನಲ್ಲಿ 1963ರಲ್ಲೇ ಮನೆ ಬಿಯರ್‌ಗೆ ಲೈಸೆನ್ಸ್ ಬೇಡ ಅಂತಾಯ್ತು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದ್ರೆ ಸುಮಾರು 757 ಲೀಟರ್‌ವರೆಗೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಆದರೆ ಮಾರುವಂತಿಲ್ಲ.

ನಾನು ಓದಿದ್ದು ಬಿ.ಕಾಂ. ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಅಲ್ಲ. ಡೆನ್ವರ್‌ನಲ್ಲಿರುವ ನಮ್ಮ ಭಾವ ಗ್ಯಾರೇಜಿನಲ್ಲಿ ಬಿಯರ್ ಮಾಡ್ತಾರೆ. ನಾನು ಬೆಂಗಳೂರಿನಲ್ಲಿ ಅದೇ ಜಾತಿಯ ಸೆನ್ಸರನ್ನು ದೋಸೆಹಿಟ್ಟಿನ ಡಬ್ಬಕ್ಕೆ ಹಾಕಿಕೊಂಡಿದ್ದೀನಿ. ಹೀಗಾಗಿ ವಿಡಿಯೋ ಕಾಲ್‌ನಲ್ಲಿ ನಾವು ಮಾತಾಡೋದು ಅರ್ಧ ಮನೆ ವಿಷಯ, ಇನ್ನರ್ಧ ಸೆನ್ಸರ್ ವಿಷಯ.

ಸಂಖ್ಯೆ ತಪ್ಪಾದರೆ ಏನಾಗುತ್ತೆ?

ಈ ಕಂಟ್ರೋಲರ್ ಮಾಡೋ ಕೆಲಸ ಬಹಳ ಸರಳ. ಸೆನ್ಸರ್ ಒಂದು ಸಂಖ್ಯೆ ಕೊಡುತ್ತೆ. ನೀವು ಹೇಳಿಟ್ಟ ಸಂಖ್ಯೆಗಿಂತ ಅದು ಕಡಿಮೆ ಇದ್ದರೆ ಹೀಟರ್ ಆನ್, ಜಾಸ್ತಿ ಇದ್ದರೆ ಹೀಟರ್ ಆಫ್, ಇಲ್ಲವೇ ಫ್ರಿಜ್ ಆನ್. ಕಂಟ್ರೋಲರ್‌ಗೆ ಕಣ್ಣಿಲ್ಲ, ಮೂಗಿಲ್ಲ. ಆ ಒಂದು ಸಂಖ್ಯೆ ಬಿಟ್ಟರೆ ಪ್ರಪಂಚದ ಬಗ್ಗೆ ಅದಕ್ಕೆ ಬೇರೇನೂ ಗೊತ್ತಿಲ್ಲ.

ಬಿಯರ್‌ನಲ್ಲಿ ಎರಡು ಹಂತದಲ್ಲಿ ತಾಪಮಾನ ಮುಖ್ಯ. ಮೊದಲನೆಯದು ಮ್ಯಾಶ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದ್ರೆ ಮಾಲ್ಟನ್ನು, ಪುಡಿಮಾಡಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸೋದು. ಧಾನ್ಯದಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. 62-65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು ಸಿಗುತ್ತೆ, ಬಿಯರ್ ತೆಳ್ಳಗೆ, ಒಣಕಲಾಗಿ ಬರುತ್ತೆ. 68-70ರ ಕಡೆ ಹೋದ್ರೆ ಯೀಸ್ಟ್ ತಿನ್ನಲಾರದ ಸಕ್ಕರೆ ಜಾಸ್ತಿ ಉಳಿದು ಬಿಯರ್ ದಪ್ಪಗೆ, ಸಿಹಿಯಾಗಿ ಬರುತ್ತೆ. ಮೂರು ಡಿಗ್ರಿ ಆಚೀಚೆ ಆದ್ರೆ ಬೇರೆಯೇ ಬಿಯರ್. ಸುಮಾರು 78 ದಾಟಿದರೆ ಕಿಣ್ವಗಳ ಕಥೆ ಮುಗೀತು.

ಎರಡನೆಯದು ಹುದುಗುವಿಕೆ. ಏಲ್ ಯೀಸ್ಟ್‌ಗೆ ಸಾಮಾನ್ಯವಾಗಿ 18-22 ಡಿಗ್ರಿ, ಲಾಗರ್ ಯೀಸ್ಟ್‌ಗೆ 9-13 ಡಿಗ್ರಿ. ಬಿಸಿ ಜಾಸ್ತಿ ಆದ್ರೆ ಯೀಸ್ಟ್ ಅವಸರಕ್ಕೆ ಬಿದ್ದು ತಲೆನೋವು ತರಿಸುವ ಘಾಟು ಆಲ್ಕೊಹಾಲ್‌ಗಳನ್ನು ಮಾಡುತ್ತೆ.

ಇಷ್ಟೇ ಆಗಿದ್ರೆ 20 ಲೀಟರ್ ಬಿಯರ್ ಚೆಲ್ಲಿ ಸುಮ್ಮನಾಗಬಹುದಿತ್ತು. ಆದರೆ ಅಮೆರಿಕದಲ್ಲಿ ವಿದ್ಯುತ್ತಿನಲ್ಲಿ ಬಿಯರ್ ಕಾಯಿಸುವವರು 240 ವೋಲ್ಟ್‌ನ 5500 ವ್ಯಾಟ್ ಹೀಟರ್ ಬಳಸೋದು ಮಾಮೂಲು. ಅಂದ್ರೆ ಸುಮಾರು 23 ಆಂಪಿಯರ್. ಸೆನ್ಸರ್ ವೈರ್ ಕಳಚಿ, ಕಂಟ್ರೋಲರ್ ಅದನ್ನ "ತುಂಬಾ ಚಳಿ" ಅಂತ ತಿಳಿದುಕೊಂಡ್ರೆ ಆ ಹೀಟರ್ ನಿಲ್ಲೋದೇ ಇಲ್ಲ. ಪಾತ್ರೆ ಉಕ್ಕುತ್ತೆ, ಆಮೇಲೆ ಬತ್ತುತ್ತೆ, ಆಮೇಲೆ ಬರಿ ಹೀಟರ್ ಕೆಂಪಗೆ ಕಾಯ್ತಾ ಕೂರುತ್ತೆ. ತಪ್ಪು ರೀಡಿಂಗ್ ಅನ್ನೋದನ್ನ ರುಚಿಯ ಪ್ರಶ್ನೆ ಅಂತ ಮಾತ್ರ ನೋಡಬಾರದು ಅಂತ ನಾನು ಹೇಳೋದು ಇದಕ್ಕೇ.

ನಿಮ್ಮಲ್ಲಿರೋದು ಯಾವ ಸೆನ್ಸರ್?

ದುರಸ್ತಿ ಶುರು ಮಾಡುವ ಮುಂಚೆ ಇದು ಗೊತ್ತಿರಬೇಕು. ಯಾಕಂದ್ರೆ ಮೂರು ಜಾತಿಯ ಸೆನ್ಸರ್‌ಗಳು ಮೂರು ರೀತಿ ಕೆಡುತ್ತವೆ.

ಒಂದು, ಎನ್‌ಟಿಸಿ ಥರ್ಮಿಸ್ಟರ್. ಎಸ್‌ಟಿಸಿ-1000 ತರಹದ ಅಗ್ಗದ ರೆಡಿಮೇಡ್ ಕಂಟ್ರೋಲರ್‌ಗಳಲ್ಲಿ ಎರಡು ವೈರಿನ ಕಪ್ಪು ತುದಿ ಇರುತ್ತಲ್ಲ, ಅದು. ಬಿಸಿ ಹೆಚ್ಚಿದಂತೆ ಇದರ ರೋಧ ಕಡಿಮೆಯಾಗುತ್ತೆ. ಸಾಮಾನ್ಯವಾಗಿ ಸಿಗೋದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವಂಥದ್ದು. ಅದೇ 0 ಡಿಗ್ರಿಯಲ್ಲಿ ಮಾದರಿಯನ್ನು ಅವಲಂಬಿಸಿ ಸುಮಾರು 27ರಿಂದ 34 ಕಿಲೋ ಓಮ್.

ಎರಡು, ಪಿಟಿ100. ಪ್ಲಾಟಿನಂ ತಂತಿ. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ದುಬಾರಿ ಸೆಟಪ್‌ಗಳಲ್ಲಿ, ಕಾರ್ಖಾನೆಗಳಲ್ಲಿ ಇರುತ್ತೆ.

ಮೂರು, ಡಿಎಸ್18ಬಿ20. ಇವತ್ತಿನ ಹೀರೋ ಮತ್ತು ವಿಲನ್ ಎರಡೂ ಇದೇ. ಡಾಲಸ್ ಸೆಮಿಕಂಡಕ್ಟರ್ ಕಂಪನಿಯ ಚಿಪ್. ಆ ಕಂಪನಿ 2001ರಲ್ಲಿ ಮ್ಯಾಕ್ಸಿಮ್‌ಗೆ ಹೋಯ್ತು, ಮ್ಯಾಕ್ಸಿಮ್ 2021ರಲ್ಲಿ ಅನಲಾಗ್ ಡಿವೈಸಸ್‌ಗೆ ಹೋಯ್ತು. ಬ್ರೂಪೈ ತರಹದ, ಆರ್ಡುಯಿನೋ ಅಥವಾ ರಾಸ್ಪ್‌ಬೆರಿ ಪೈ ಮೇಲೆ ನಡೆಯುವ ಕೈಯಲ್ಲೇ ಕಟ್ಟಿದ ಕಂಟ್ರೋಲರ್‌ಗಳಲ್ಲಿ ಹೆಚ್ಚಾಗಿ ಇರೋದು ಇದೇ. ನಮ್ಮ ಎಸ್‌.ಪಿ. ರೋಡ್‌ನಲ್ಲಿ ಕೇಳಿದ್ರೆ ಸ್ಟೀಲ್ ಕೊಳವೆಯೊಳಗೆ ಕೂರಿಸಿದ್ದು, ಮೂರು ವೈರ್ ಹೊರಗೆ ಬಂದಿರೋದು ಕೈಗೆ ಕೊಡ್ತಾರೆ. ಇದು ರೋಧ ಕೊಡೋದಿಲ್ಲ, ಅಂಕಿಯನ್ನೇ ಕೊಡುತ್ತೆ. ಒಳಗೇ ಅಳೆದು ಡಿಜಿಟಲ್ ರೂಪದಲ್ಲಿ ಒಂದೇ ಡೇಟಾ ವೈರ್ ಮೇಲೆ ಕಳಿಸುತ್ತೆ. ಪ್ರತಿ ಚಿಪ್‌ಗೂ 64 ಬಿಟ್‌ನ ಸ್ವಂತ ವಿಳಾಸ ಇರೋದ್ರಿಂದ ಒಂದೇ ವೈರಿಗೆ ನಾಲ್ಕೈದು ಸೆನ್ಸರ್ ಹಾಕಬಹುದು.

ಮೈನಸ್ 127: ಯಾರೂ ಉತ್ತರ ಕೊಡಲಿಲ್ಲ

ಪರದೆ ಮೇಲೆ ಮೈನಸ್ 127 ಬಂತು ಅಂದ್ಕೊಳ್ಳಿ. ಡಿಎಸ್18ಬಿ20 ಅಳೆಯಬಲ್ಲದ್ದು ಮೈನಸ್ 55ರಿಂದ 125 ಡಿಗ್ರಿವರೆಗೆ ಮಾತ್ರ. ಅಂದ ಮೇಲೆ ಮೈನಸ್ 127 ಸೆನ್ಸರ್ ಹೇಳಿದ ಮಾತೇ ಅಲ್ಲ. ಆರ್ಡುಯಿನೋದಲ್ಲಿ ಹೆಚ್ಚಾಗಿ ಬಳಸುವ ಲೈಬ್ರರಿಯೊಂದು, ಸೆನ್ಸರ್ ಸಿಗಲಿಲ್ಲ ಅಂತ ತಿಳಿಸಲು ಇಟ್ಟುಕೊಂಡ ಗುರುತು ಅದು. ಫೋನ್ ಮಾಡಿದಾಗ "ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅಂತ ಬರುತ್ತಲ್ಲ, ಹಾಗೆ. ಆ ಧ್ವನಿ ನಿಮ್ಮ ಸ್ನೇಹಿತರದ್ದಲ್ಲ.

ಹಾಗಾದ್ರೆ ಹುಡುಕಬೇಕಾದ್ದು ಸಂಪರ್ಕದಲ್ಲಿ. ಅನುಕ್ರಮ ಹೀಗಿರಲಿ:

ಮೊದಲು ಕನೆಕ್ಟರ್. ಒತ್ತಿ ನೋಡಿ, ಅಲುಗಾಡಿಸಿ ನೋಡಿ. ಅಲುಗಿಸಿದಾಗ ಸರಿಯಾದ ಸಂಖ್ಯೆ ಬಂದು ಹೋದ್ರೆ ಲೂಸ್ ಕಾಂಟ್ಯಾಕ್ಟ್. ಸ್ಕ್ರೂ ಟರ್ಮಿನಲ್‌ನಲ್ಲಿ ವೈರಿನ ಪ್ಲಾಸ್ಟಿಕ್ ಮೇಲೇ ಸ್ಕ್ರೂ ಕೂತಿರೋದೂ ಉಂಟು.

ಎರಡನೇದು ಪುಲ್-ಅಪ್ ರೆಸಿಸ್ಟರ್. ಡೇಟಾ ವೈರಿಗೂ ಪಾಸಿಟಿವ್‌ಗೂ ನಡುವೆ 4.7 ಕಿಲೋ ಓಮ್‌ನ ಒಂದು ರೆಸಿಸ್ಟರ್ ಇರಬೇಕು. ಸೆನ್ಸರ್‌ಗೆ ಡೇಟಾ ವೈರನ್ನು ಕೆಳಗೆ ಎಳೆಯೋದು ಮಾತ್ರ ಗೊತ್ತು. ಮೇಲೆ ಎತ್ತಿ ಹಿಡಿಯೋದು ಈ ರೆಸಿಸ್ಟರ್ ಕೆಲಸ. ಇದಿಲ್ಲದಿದ್ರೆ ಮಾತೇ ಶುರುವಾಗಲ್ಲ. ಎರಡು ರೂಪಾಯಿಯ ವಸ್ತು, ಬಹಳ ಜನ ಇದನ್ನ ಬಿಟ್ಟು ಸೆನ್ಸರ್ ಮೇಲೆ ಸೆನ್ಸರ್ ಬದಲಾಯಿಸ್ತಾರೆ. ರಾಸ್ಪ್‌ಬೆರಿ ಪೈ ಆದ್ರೆ ಇದನ್ನ 3.3 ವೋಲ್ಟ್‌ಗೇ ಜೋಡಿಸಬೇಕು, 5ಕ್ಕೆ ಬೇಡ. ಪೈಯ ಪಿನ್‌ಗಳು 5 ವೋಲ್ಟ್ ತಡೆಯಲ್ಲ.

ಮೂರನೇದು ವೈರಿನ ಬಣ್ಣ. ಸಾಮಾನ್ಯವಾಗಿ ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಡೇಟಾ. ಎಲ್ಲ ತಯಾರಕರೂ ಇದನ್ನ ಪಾಲಿಸೋದಿಲ್ಲ. ಉಲ್ಟಾ ಜೋಡಿಸಿದ್ರೆ ಸೆನ್ಸರ್ ಕೈಸುಡುವಷ್ಟು ಬಿಸಿಯಾಗುತ್ತೆ. ಹಾಗೆ ಬಿಸಿ ಅನ್ನಿಸಿದ ಕೂಡಲೇ ಪವರ್ ತೆಗೀರಿ.

ನಾಲ್ಕನೇದು ವಿಳಾಸ. ಹೊಸ ಸೆನ್ಸರ್ ಹಾಕಿದ್ದೀರಿ, ಕಂಟ್ರೋಲರ್ ಇನ್ನೂ ಹಳೇ ಸೆನ್ಸರಿನ ವಿಳಾಸಕ್ಕೇ ಕಾಯ್ತಿದೆ. ಮನೆ ಬದಲಾಯಿಸಿದವರಿಗೆ ಹಳೇ ವಿಳಾಸಕ್ಕೆ ಕೊರಿಯರ್ ಕಳಿಸಿದ ಹಾಗೆ. ಸೆಟ್ಟಿಂಗ್‌ನಲ್ಲಿ ಹೊಸ ವಿಳಾಸವನ್ನು "ಫರ್ಮೆಂಟರ್" ಅಂತಲೋ "ಫ್ರಿಜ್" ಅಂತಲೋ ಗುರುತಿಸಿಕೊಡಬೇಕು. ಇಲ್ಲಿ ಇನ್ನೊಂದು ಅಪಾಯ ಇದೆ. ಎರಡು ಸೆನ್ಸರ್‌ಗಳ ಗುರುತು ಅದಲುಬದಲಾದ್ರೆ ಸಂಖ್ಯೆಗಳು ಎರಡೂ ಸರಿಯೇ ಇರುತ್ತವೆ, ಜಾಗ ಮಾತ್ರ ತಪ್ಪು. ಒಂದನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳಿ, ಯಾವ ಸಂಖ್ಯೆ ಏರುತ್ತೆ ನೋಡಿ. ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

85: ಓಪನಿಂಗ್ ಬ್ಯಾಲೆನ್ಸ್

ಇನ್ನೊಂದು ಪ್ರಸಿದ್ಧ ಸಂಖ್ಯೆ 85. ಒಂದು ರಾತ್ರಿ ಭಾವ ಫೋನ್ ಮಾಡಿದ್ರು.

"ನೋಡಮ್ಮಾ, ಫರ್ಮೆಂಟರ್ ಇಪ್ಪತ್ತು ಡಿಗ್ರಿ ಇತ್ತು, ಒಂದೇ ಕ್ಷಣ ಎಂಬತ್ತೈದು ಅಂತ ತೋರಿಸಿ ಮತ್ತೆ ಇಪ್ಪತ್ತಕ್ಕೆ ಬಂತು. ಫ್ರಿಜ್ ಬೇರೆ ಆನ್ ಆಗಿಬಿಡ್ತು."

"ಭಾವ, ಸರಿಯಾಗಿ ಎಂಬತ್ತೈದಾ? ಎಂಬತ್ನಾಲ್ಕೂವರೆ, ಎಂಬತ್ತಾರು ಹಂಗೇನಾದ್ರೂ?"

"ಇಲ್ಲ, ಸರಿಯಾಗಿ ಎಂಬತ್ತೈದು. ಗ್ರಾಫ್ ನೋಡು, ಸೂಜಿ ನಿಲ್ಲಿಸಿದ ಹಾಗಿದೆ."

ಅಷ್ಟು ಸಾಕು. ಡಿಎಸ್18ಬಿ20ಗೆ ಪವರ್ ಬಂದ ಕೂಡಲೇ ಅದರ ಮೆಮೊರಿಯಲ್ಲಿ ಇರುವ ಸಂಖ್ಯೆಯೇ 85. ಇನ್ನೂ ಏನನ್ನೂ ಅಳೆದಿಲ್ಲ. ಪೂರ್ತಿ 12 ಬಿಟ್‌ನಲ್ಲಿ ಒಂದು ಸಲ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್‌ವರೆಗೆ ಬೇಕು. ಅಷ್ಟರೊಳಗೆ ಕೇಳಿದ್ರೆ, ಅಥವಾ ಅಳೆಯುವ ನಡುವೆ ಪವರ್ ಒಂದು ಕ್ಷಣ ಕುಸಿದು ಚಿಪ್ ಮತ್ತೆ ಮೊದಲಿಂದ ಶುರುವಾದ್ರೆ, 85 ಅಂತ ಹೇಳುತ್ತೆ. ಲೆಕ್ಕದ ಪುಸ್ತಕದಲ್ಲಿ ಓಪನಿಂಗ್ ಬ್ಯಾಲೆನ್ಸ್ ಬಿಟ್ಟು ಬೇರೆ ಎಂಟ್ರಿ ಇನ್ನೂ ಬಿದ್ದಿಲ್ಲ ಅಂದ ಹಾಗೆ.

ಮೈನಸ್ 127 ಸಂಪರ್ಕ ಇಲ್ಲ ಅನ್ನುತ್ತೆ. 85 ಸಂಪರ್ಕ ಇದೆ, ಪವರ್ ಅಥವಾ ಸಮಯ ಸಾಲಲಿಲ್ಲ ಅನ್ನುತ್ತೆ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗೀತು. 85 ಆಗಾಗ ಬರ್ತಿದ್ರೆ ನೋಡಬೇಕಾದ್ದು ಪವರ್ ವೈರ್, ಅಡಾಪ್ಟರ್, ಫ್ರಿಜ್ ಆನ್ ಆಗುವ ಹೊತ್ತಿಗೇ ಬರ್ತಿದೆಯಾ ಅನ್ನೋದು. ಪವರ್ ವೈರ್ ಇಲ್ಲದೆ ಡೇಟಾ ವೈರಿಂದಲೇ ಶಕ್ತಿ ಹೀರಿಕೊಂಡು ಓಡುವ ಎರಡು ವೈರಿನ ಪದ್ಧತಿಯೂ ಈ ಚಿಪ್‌ನಲ್ಲಿ ಇದೆ. ಅದರಲ್ಲಿ ಈ ಕಾಟ ಜಾಸ್ತಿ. ಮೂರನೇ ವೈರನ್ನೂ ಜೋಡಿಸಿದ್ರೆ ಬಹುತೇಕ ಸಲ ನಿಲ್ಲುತ್ತೆ. ಭಾವನ ಮನೆಯಲ್ಲಿ ಪವರ್ ವೈರಿನ ಬೆಸುಗೆ ಬಿಟ್ಟಿತ್ತು, ಚಿಪ್ ಡೇಟಾ ವೈರಿಂದ ಹೇಗೋ ಉಸಿರಾಡ್ತಿತ್ತು.

"85 ಬಂದ್ರೆ ಬಿಸಾಕು" ಅಂತ ಪ್ರೋಗ್ರಾಂನಲ್ಲಿ ಬರೆದರೆ ಸಾಕಲ್ವಾ ಅಂತ ಕೇಳಬಹುದು. ಹುದುಗುವ ಪಾತ್ರೆಗೆ ಸಾಕು. ಕುದಿಸುವ ಪಾತ್ರೆಗೆ ಸಾಲದು, ಯಾಕಂದ್ರೆ 65ರಿಂದ ಕುದಿಗೆ ಹೋಗುವಾಗ ನಿಜವಾದ 85 ಕೂಡ ದಾರಿಯಲ್ಲಿ ಸಿಗುತ್ತೆ. ಅಕ್ಕಪಕ್ಕದ ರೀಡಿಂಗ್ ನೋಡಬೇಕು. 84.5, 85, 85.5 ಅಂತ ಬಂದ್ರೆ ನಿಜ. 20, 85, 20 ಅಂತ ಬಂದ್ರೆ ಸುಳ್ಳು. ನೀರು ಒಂದು ಸೆಕೆಂಡಿನಲ್ಲಿ 65 ಡಿಗ್ರಿ ಏರಿ ಇಳಿಯೋದಿಲ್ಲ.

ಥರ್ಮಿಸ್ಟರ್, ಪಿಟಿ100 ಕೆಡುವ ರೀತಿ

ಥರ್ಮಿಸ್ಟರ್‌ನ ವೈರ್ ತುಂಡಾದ್ರೆ ರೋಧ ಅನಂತ. ರೋಧ ಜಾಸ್ತಿ ಅಂದ್ರೆ ಚಳಿ ಅಂತ ಅದರ ಭಾಷೆ. ಹಾಗಾಗಿ ತುಂಡಾದ ವೈರ್ "ಹಿಮಾಲಯ" ಅನ್ನುತ್ತೆ, ಶಾರ್ಟ್ ಆದ ವೈರ್ "ಒಲೆ" ಅನ್ನುತ್ತೆ. ಒಳ್ಳೇ ಕಂಟ್ರೋಲರ್ ಇಂಥ ಹೊತ್ತಿನಲ್ಲಿ ಎರರ್ ಕೋಡ್ ತೋರಿಸಿ ಎಲ್ಲವನ್ನೂ ಆಫ್ ಮಾಡುತ್ತೆ. ಪರೀಕ್ಷೆ ಸುಲಭ: ಸೆನ್ಸರ್ ಕಳಚಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. 25 ಡಿಗ್ರಿ ಕೋಣೆಯಲ್ಲಿ 10 ಕಿಲೋ ಓಮ್ ಹತ್ತಿರ ಬಂತಾ? ಮುಷ್ಟಿಯಲ್ಲಿ ಹಿಡಿದಾಗ ನಿಧಾನಕ್ಕೆ ಇಳೀತಾ? ಹಾಗಿದ್ರೆ ಸೆನ್ಸರ್ ಸರಿ ಇದೆ, ಕಂಟ್ರೋಲರ್ ಕಡೆ ಹುಡುಕಿ.

ಪಿಟಿ100ನಲ್ಲಿ ಕಥೆ ಸೂಕ್ಷ್ಮ. ಒಂದು ಡಿಗ್ರಿಗೆ ರೋಧ ಬದಲಾಗೋದು ಬರೀ 0.385 ಓಮ್. ಉದ್ದನೆಯ ವೈರಿನದೇ ಒಂದು ಓಮ್ ಸೇರಿಕೊಂಡ್ರೆ ರೀಡಿಂಗ್ ಸುಮಾರು 2.6 ಡಿಗ್ರಿ ಮೇಲೆ ಹೋಗುತ್ತೆ. ಅದಕ್ಕೇ ಮೂರು ವೈರ್, ನಾಲ್ಕು ವೈರ್ ಪಿಟಿ100 ಇರೋದು. ಹೆಚ್ಚುವರಿ ವೈರ್‌ಗಳು ದಾರಿಖರ್ಚನ್ನು ಲೆಕ್ಕದಿಂದ ಕಳೆಯಲು. ಮೂರು ವೈರ್ ಸೆನ್ಸರ್ ತಂದು ಬೋರ್ಡ್ ಮೇಲಿನ ಜಂಪರ್ ಎರಡು ವೈರಿಗೇ ಬಿಟ್ಟಿದ್ರೆ ಅದೊಂದನ್ನೇ ಸರಿಪಡಿಸಿದರೂ ಆಯ್ತು.

ನಂಬುವ ಹಾಗಿರುವ ತಪ್ಪು

ಇಲ್ಲಿವರೆಗೆ ಹೇಳಿದ್ದೆಲ್ಲ ಸುಲಭದ ಪ್ರಕರಣ. ಮೈನಸ್ 127 ನೋಡಿದ್ರೆ ಯಾರಿಗಾದ್ರೂ ತಪ್ಪು ಅಂತ ಗೊತ್ತಾಗುತ್ತೆ. ಮ್ಯಾಶ್ 66 ಅಂತ ತೋರಿಸ್ತಿದೆ, ನಿಜವಾಗಿ 69 ಇದೆ. ಇದು ಗೊತ್ತಾಗೋದು ಹೇಗೆ? ಕಾಮರ್ಸ್ ಓದಿದವರಿಗೆ ಮೊದಲ ವರ್ಷವೇ ಕಲಿಸ್ತಾರೆ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಸೆನ್ಸರ್‌ಗೂ ಹೊರಗಿನ ಸಾಕ್ಷಿ ಬೇಕು.

ಒಂದು ಸಂಗತಿ ಮೊದಲೇ ತಿಳಿದಿರಲಿ. ಡಿಎಸ್18ಬಿ20 ಡಿಗ್ರಿಯ 16ನೇ ಒಂದು ಭಾಗದವರೆಗೆ, ಅಂದ್ರೆ 0.0625ರ ಹೆಜ್ಜೆಯಲ್ಲಿ ತೋರಿಸುತ್ತೆ. ಆದರೆ ಅದು ಖಾತರಿ ಕೊಡೋದು ಮೈನಸ್ 10ರಿಂದ 85ರವರೆಗಿನ ವ್ಯಾಪ್ತಿಯಲ್ಲಿ ಅರ್ಧ ಡಿಗ್ರಿ ಆಚೀಚೆಗೆ ಮಾತ್ರ. ಎರಡು ಅಸಲಿ ಸೆನ್ಸರ್ ಒಂದೇ ನೀರಲ್ಲಿ ಒಂದು ಡಿಗ್ರಿ ವ್ಯತ್ಯಾಸ ತೋರಿಸಿದ್ರೂ ಎರಡೂ ನಿಯಮದೊಳಗೇ ಇವೆ. ಪೈಸೆವರೆಗೆ ಬರೆದ ಎಸ್ಟಿಮೇಟ್ ಕೂಡ ಎಸ್ಟಿಮೇಟೇ ಅಲ್ವಾ? ಇದರ ಮೇಲೆ ಮಾರುಕಟ್ಟೆಯಲ್ಲಿ ನಕಲಿ ಚಿಪ್‌ಗಳು ಧಾರಾಳ. ಅವುಗಳಿಗೆ ಆ ಖಾತರಿಯೂ ಇಲ್ಲ.

ಮೊದಲ ಸಾಕ್ಷಿ ಐಸ್. ಫ್ಲಾಸ್ಕ್‌ನಲ್ಲಿ ಐಸನ್ನು ಚೆನ್ನಾಗಿ ಪುಡಿ ಮಾಡಿ ತುಂಬಿ, ಸಂದು ಮುಚ್ಚುವಷ್ಟು ಮಾತ್ರ ತಣ್ಣನೆ ನೀರು ಹಾಕಿ. ಉಪ್ಪು ತಾಗಬಾರದು. ಸೆನ್ಸರ್ ತುದಿಯನ್ನು ಮಧ್ಯದಲ್ಲಿಟ್ಟು ಕಲಕುತ್ತಾ ಎರಡು ಮೂರು ನಿಮಿಷ ಕಾಯಿರಿ. 0 ಬರಬೇಕು. ಲೋಟದ ತುಂಬ ನೀರು ಹಾಕಿ ಎರಡು ಐಸ್ ತುಂಡು ತೇಲಿಸಿದ್ರೆ ಆಗಲ್ಲ. ನೀರು ಅತಿ ಭಾರ ಇರೋದು 4 ಡಿಗ್ರಿಯಲ್ಲಿ, ಹಾಗಾಗಿ ಲೋಟದ ತಳ 4ರ ಹತ್ತಿರವೇ ಇರುತ್ತೆ. ಆಮೇಲೆ ನೀವು ಸೆನ್ಸರನ್ನು ಬೈತೀರಿ.

ಎರಡನೇ ಸಾಕ್ಷಿ ಕುದಿಯುವ ನೀರು. ಇಲ್ಲಿ ಬಹಳ ಜನ ಎಡವೋದು ಊರಿನ ಎತ್ತರದ ಲೆಕ್ಕದಲ್ಲಿ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತೆ. ಮಂಗಳೂರಿನಲ್ಲಿ 100. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97. "ಒಂದು ಮೈಲಿ ಎತ್ತರದ ನಗರ" ಅಂತಲೇ ಹೆಸರಾದ ಡೆನ್ವರ್‌ನಲ್ಲಿ ಸುಮಾರು 95. ಅಲ್ಲಿ ಕೂತು ಸೆನ್ಸರ್ 95 ತೋರಿಸ್ತು ಅಂತ 5 ಡಿಗ್ರಿ ಕೂಡಿಸಿಬಿಟ್ರೆ ಸರಿಯಾಗಿದ್ದ ಸೆನ್ಸರನ್ನು ನೀವೇ ಕೆಡಿಸಿದ ಹಾಗೆ. ಆಮೇಲೆ ಪ್ರತಿ ಮ್ಯಾಶ್ ಕೂಡ 5 ಡಿಗ್ರಿ ತಣ್ಣಗೆ.

ಮೂರನೇ ಸಾಕ್ಷಿ ನಿಮ್ಮ ಔಷಧದ ಡಬ್ಬದಲ್ಲೇ ಇದೆ: ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಅದು 37ರ ಆಸುಪಾಸಿನಲ್ಲಿ ಬಹಳ ನಿಖರ. ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿ ಅದ್ದಿ, ಕಲಕಿ, ತಾಳೆ ನೋಡಿ. ಹುದುಗುವ ತಾಪಮಾನಕ್ಕೂ ಮ್ಯಾಶ್ ತಾಪಮಾನಕ್ಕೂ ನಡುವೆ ಒಂದು ಕಂಬ ಸಿಕ್ಕಿದ ಹಾಗಾಯ್ತು.

ಈಗ ಮೂರು ಸಂಖ್ಯೆ ಬರೆದುಕೊಳ್ಳಿ. ಎಲ್ಲ ಕಡೆ ಒಂದೇ ವ್ಯತ್ಯಾಸ, ಉದಾಹರಣೆಗೆ ಎಲ್ಲೂ 0.6 ಜಾಸ್ತಿ ಅಂತಿದ್ರೆ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ ಅಂತ ಇರುತ್ತೆ, ಅಲ್ಲಿ ಮೈನಸ್ 0.6 ಕೊಡಿ. ಐಸ್‌ನಲ್ಲಿ ಸರಿ ಇದ್ದು ಬಿಸಿಯಾದ ಹಾಗೆ ವ್ಯತ್ಯಾಸ ಬೆಳೀತಾ ಹೋದ್ರೆ ಆಫ್‌ಸೆಟ್ ಉಪಯೋಗಕ್ಕೆ ಬರಲ್ಲ. ಥರ್ಮಿಸ್ಟರ್ ಆಗಿದ್ರೆ ಕಂಟ್ರೋಲರ್‌ಗೆ ಬೇರೆ ಮಾದರಿಯ ಸೆನ್ಸರ್ ಜೋಡಿಸಿರಬಹುದು. ಎಲ್ಲವೂ 10 ಕಿಲೋ ಓಮ್ ಅಂತ ಬರೆದಿದ್ರೂ ಬಿಸಿಗೆ ರೋಧ ಇಳಿಯುವ ವೇಗ ಒಂದೇ ಇರಲ್ಲ.

ಸೆನ್ಸರ್ ಸರಿ, ಜಾಗ ತಪ್ಪು

ಮೂರೂ ಪರೀಕ್ಷೆ ಪಾಸಾಯ್ತು, ಆದ್ರೂ ಬಿಯರ್ ಸರಿ ಬರ್ತಿಲ್ಲ. ಆಗ ಸೆನ್ಸರ್ ಎಲ್ಲಿದೆ ನೋಡಿ. ಫ್ರಿಜ್ಜಿನೊಳಗೆ ಗಾಳಿಯಲ್ಲಿ ತೂಗಾಡ್ತಿದ್ರೆ ಅದು ಹೇಳೋದು ಗಾಳಿಯ ಬಿಸಿ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತೆ. ಭರಾಟೆಯ ದಿನಗಳಲ್ಲಿ ಬಿಯರ್ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಬೆಚ್ಚಗಿರಬಹುದು. ಜ್ವರ ಬಂದವರ ಕೋಣೆಯ ಗೋಡೆಗೆ ಥರ್ಮಾಮೀಟರ್ ನೇತುಹಾಕಿದ ಹಾಗಾಯ್ತು. ಸೆನ್ಸರನ್ನು ಪಾತ್ರೆಯ ಮಗ್ಗುಲಿಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಅಂಟಿಸಿ, ಮೇಲೆ ದಪ್ಪ ಸ್ಪಂಜು ಮುಚ್ಚಿ. ಇನ್ನೂ ಒಳ್ಳೇದು ಅಂದ್ರೆ ಥರ್ಮೋವೆಲ್, ಬಿಯರಿನೊಳಗೆ ಇಳಿಬಿಟ್ಟ ತಳ ಮುಚ್ಚಿದ ಸ್ಟೀಲ್ ಕೊಳವೆ.

"ವಾಟರ್‌ಪ್ರೂಫ್" ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಸ್ಟೀಲ್ ತುದಿ ಗಟ್ಟಿಯೇ, ಆದರೆ ವೈರ್ ಒಳಗೆ ಹೋಗುವ ಬಾಯಿಯಲ್ಲಿ ನೀರು, ಹಬೆ ನಿಧಾನಕ್ಕೆ ಇಳಿಯುತ್ತೆ. ಒಳಗೆ ತೇವ ಸೇರಿದ್ರೆ ರೀಡಿಂಗ್ ಕೆಲವು ದಿನ ಸರಿ, ಕೆಲವು ದಿನ ಕುಣಿತ. ಬಿಸಿಯಾದಾಗ ಕೆಟ್ಟು, ಒಣಗಿದ ಮೇಲೆ ಸರಿಹೋಗುವ ಸೆನ್ಸರ್ ಇದ್ರೆ ಮೊದಲ ಅನುಮಾನ ಇದೇ. ಅದನ್ನ ಒಣಗಿಸಿ ಮತ್ತೆ ಬಳಸುವ ಬದಲು ಹೊಸದು ತನ್ನಿ. ತುದಿ ಮಾತ್ರ ಮುಳುಗಲಿ, ವೈರ್ ಸೇರುವ ಬಾಯಿ ಮೇಲೇ ಇರಲಿ.

ರೀಡಿಂಗ್ ಕುಣಿಯೋದು ಹೀಟರ್ ಅಥವಾ ಕಂಪ್ರೆಸರ್ ಆನ್ ಆದಾಗ ಮಾತ್ರ ಅಂತಾದ್ರೆ ವೈರಿಂಗ್ ನೋಡಿ. ಸೆನ್ಸರ್ ವೈರನ್ನೂ ಕರೆಂಟ್ ವೈರನ್ನೂ ಒಟ್ಟಿಗೆ ಜಡೆ ಹಾಕಿದ ಹಾಗೆ ಕಟ್ಟಿರ್ತಾರೆ. ಬೇರೆ ಮಾಡಿ. ಅಡ್ಡ ಹಾಯಲೇಬೇಕಾದ್ರೆ ನೇರ ಕೋನದಲ್ಲಿ ಹಾಯಿಸಿ. ಇನ್ನೊಂದು ಕಡೆ, ಫ್ರಿಜ್ ಸೆಟ್ಟಿಂಗ್‌ನಲ್ಲಿ ಕಂಪ್ರೆಸರ್‌ಗೆ 3ರಿಂದ 5 ನಿಮಿಷದ ಬಿಡುವು ಇಟ್ಟಿರಿ. ಕುಣಿಯುವ ರೀಡಿಂಗ್ ಅದನ್ನ ನಿಮಿಷಕ್ಕೊಮ್ಮೆ ಆನ್-ಆಫ್ ಮಾಡಿದ್ರೆ ಕಂಪ್ರೆಸರ್ ಬಾಳಿಕೆ ಬರಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಯಾವ ಸೆನ್ಸರೇ ಇರಲಿ, ಯಾವ ಸಂಖ್ಯೆಯೇ ಬರಲಿ, ಈ ಒಂದು ಶಿಸ್ತು ಬಿಡಬೇಡಿ. ಸೆನ್ಸರ್, ಕೇಬಲ್, ಅಡಾಪ್ಟರ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಸರಿಯಾದ್ರೆ ಯಾವುದು ಕೆಟ್ಟಿತ್ತು ಅಂತ ಎಂದಿಗೂ ಗೊತ್ತಾಗಲ್ಲ. ಕೆಟ್ಟ ಭಾಗ ಡ್ರಾಯರ್ ಸೇರಿ ಇನ್ನೊಂದು ದಿನ "ಸ್ಪೇರ್" ಆಗಿ ವಾಪಸ್ ಬರುತ್ತೆ. ಅನುಮಾನ ಇರುವ ಸೆನ್ಸರನ್ನು ಸರಿಯಾಗಿರುವ ಸೆನ್ಸರಿನ ಜಾಗದಲ್ಲಿ ಹಾಕಿ. ತೊಂದರೆ ಸೆನ್ಸರ್ ಜೊತೆ ಹೋಯ್ತಾ, ಹಳೇ ಜಾಗದಲ್ಲೇ ಉಳೀತಾ? ಜೊತೆ ಹೋದ್ರೆ ಸೆನ್ಸರ್ ಕೆಟ್ಟಿದೆ. ಅಲ್ಲೇ ಉಳಿದ್ರೆ ವೈರಿಂಗ್ ಅಥವಾ ಬೋರ್ಡ್.

ಹೀಟರ್ ಹಚ್ಚುವ ಮುಂಚೆ ಈ ಪರೀಕ್ಷೆ

ಕೊನೆಯದಾಗಿ, ಇವತ್ತಿನ ಸಂಚಿಕೆಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಪಾತ್ರೆಯಲ್ಲಿ ಬರೀ ನೀರು ತುಂಬಿ ಹೀಟರ್ ಮುಳುಗಿರೋದು ಖಾತ್ರಿ ಮಾಡಿಕೊಳ್ಳಿ. ಹೀಟರ್ ಆನ್ ಮಾಡಿ, ನೀವು ಎದುರಿಗೇ ನಿಂತಿರುವಾಗ ಸೆನ್ಸರ್ ಕನೆಕ್ಟರ್ ಕಿತ್ತುಬಿಡಿ. ಏನಾಗುತ್ತೆ ನೋಡಿ.

ಹೀಟರ್ ಕೂಡಲೇ ಆಫ್ ಆಗಿ ಅಲಾರಂ ಬಂದ್ರೆ ಕಂಟ್ರೋಲರ್ ಒಳ್ಳೇದು. ಹೀಟರ್ ಆನ್ ಆಗೇ ಉಳಿದ್ರೆ ಅದು ಮೈನಸ್ 127ನ್ನು 66ಕ್ಕೆ ಹೋಲಿಸಿ "ಇನ್ನೂ ಕಾಯಿಸಬೇಕು" ಅಂತ ತೀರ್ಮಾನಿಸಿದೆ. ಮೂರನೇ ಥರದ್ದು ಎಲ್ಲಕ್ಕಿಂತ ಅಪಾಯ: ಕೊನೆಯದಾಗಿ ಓದಿದ 64.0 ಅನ್ನೇ ತೋರಿಸ್ತಾ ಹೀಟರ್ ಓಡಿಸುತ್ತಾ ಇರೋದು. ಪರದೆ ನೋಡಿದವರಿಗೆ ಎಲ್ಲ ಚೆನ್ನಾಗೇ ಕಾಣುತ್ತೆ. ಹೀಟರ್ ಪೂರ್ತಿ ಓಡ್ತಿದ್ದೂ ಹತ್ತು ನಿಮಿಷ ಸಂಖ್ಯೆ ಒಂದಿಷ್ಟೂ ಅಲುಗದಿದ್ರೆ ಅನುಮಾನ ಪಡಬೇಕು. ನಿಮ್ಮದೇ ಪ್ರೋಗ್ರಾಂ ಆದ್ರೆ ಈ ನಿಯಮವನ್ನು ಬರೆದೇ ಬಿಡಿ: ಹೊಸ ರೀಡಿಂಗ್ ಬಾರದಿದ್ರೆ, ಅಥವಾ ಬಂದದ್ದು ಅಸಾಧ್ಯವಾಗಿದ್ರೆ, ಹೀಟರ್ ಆಫ್.

ಪ್ರೋಗ್ರಾಂ ಒಂದನ್ನೇ ನಂಬಬೇಡಿ. ಹೀಟರ್ ಆನ್-ಆಫ್ ಮಾಡುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಅಂಟಿಕೊಳ್ಳುತ್ತೆ. ಆಗ ಕಂಟ್ರೋಲರ್ "ಆಫ್" ಅಂದ್ರೂ ಕೇಳೋರಿಲ್ಲ. ಅದಕ್ಕೆ ಹೀಟರಿನ ಎರಡೂ ವೈರ್ ಕಡಿಯುವ ಒಂದು ದೊಡ್ಡ ಸ್ವಿಚ್ ಅಥವಾ ಕಾಂಟ್ಯಾಕ್ಟರ್ ಕೈಗೆಟುಕುವ ಹಾಗೆ ಇರಲಿ. ಸೋರಿಕೆ ಕರೆಂಟ್ ಹಿಡಿಯುವ ಬ್ರೇಕರ್ ಇರಲಿ, ಇಲ್ಲಿ ನಾವು ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಅಂತೀವಿ, ಅಮೆರಿಕದಲ್ಲಿ ಜಿಎಫ್‌ಸಿಐ. ನೀರು, 240 ವೋಲ್ಟ್, ಒದ್ದೆ ಕೈ ಮೂರೂ ಒಂದೇ ಕಡೆ ಇರುವ ಹವ್ಯಾಸ ಇದು.

ಕೋಳಿಮೊಟ್ಟೆ ಇನ್‌ಕ್ಯುಬೇಟರ್ ಇಟ್ಟವರೂ ಇದೇ ಪರೀಕ್ಷೆ ಮಾಡಿ, ಮೊಟ್ಟೆ ಇಡುವ ಮುಂಚೆ. ಅಲ್ಲಿ ಹೀಟರ್ ಚಿಕ್ಕದು, ಬರೀ ಬಲ್ಬ್ ಇರಬಹುದು. ಆದ್ರೆ ಮರಿಗಳಿಗೆ 37.5ಕ್ಕೂ 40ಕ್ಕೂ ನಡುವೆ ಇರೋದು ಬದುಕು ಸಾವಿನ ವ್ಯತ್ಯಾಸ.

ಮುಂದಿನ ಸಂಚಿಕೆಯಲ್ಲಿ ಇನ್ವರ್ಟರ್ ಬ್ಯಾಟರಿ ಬಗ್ಗೆ ಮಾತಾಡೋಣ, ಬಹಳ ಜನ ಕೇಳಿದ್ದೀರಿ. ನಿಮ್ಮ ಕಂಟ್ರೋಲರ್ ಪರದೆ ಮೇಲೆ ನಾನು ಹೇಳದೇ ಇರೋ ವಿಚಿತ್ರ ಸಂಖ್ಯೆ ಏನಾದ್ರೂ ಬಂದಿದ್ರೆ, ಯಾವ ಸೆನ್ಸರ್, ಆಗ ಏನು ಆನ್ ಆಗಿತ್ತು ಅನ್ನೋ ಎರಡು ವಿವರ ಸೇರಿಸಿ ಕಳಿಸಿ. ಸಿಗೋಣ, ನಮಸ್ಕಾರ.